ಕೇಕಿನ ಮೇಲಿದ್ದ ಲೋಗೊ

ನನ್ನ ಅಕ್ಕ ಆಲ್ಬಿನಾಳ ಮದುವೆ ಟೀವಿಯಲ್ಲಿ ಬಂದಿತ್ತು ಎಂದು ನಮ್ಮೂರು ಪಾಂಬೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈಗಿನ ಹಾಗೆ ಯಾರು ಬೇಕಾದರೂ ಮೊಬೈಲಿನಲ್ಲಿ ಮುಖ ತೋರಿಸುವ ಕಾಲವಲ್ಲ ಅದು. ತೊಂಬತ್ತನೇ ಇಸವಿ, ಒಮಾನಿನ ಸರಕಾರಿ ಟೀವಿ. ಊರಲ್ಲಿ ಇವತ್ತಿಗೂ ಅವಳಿಗೆ ‘ಟೀವಿ ಆಲ್ಬಿನಾ’ ಎಂದೇ ಹೆಸರು. ಅದು ಶುದ್ಧ ಸುಳ್ಳು ಎಂದು ಅಕ್ಕನಿಗೆ ಗೊತ್ತಿತ್ತು, ಅವಳ ಗಂಡ ಕ್ಯಾಸ್ಮಿರ್ ಬಾವನಿಗೆ ಗೊತ್ತಿತ್ತು, ಅವರಿಗೆ ಹಾಗೆಂದು ಹೇಳಿದ್ದು ಮದುವೆಯ ವಿಡಿಯೊ ತೆಗೆದ ಸ್ಟ್ಯಾನಿ. ಆಮೇಲೆ ನಾನು ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲೆ ನನಗೂ ಗೊತ್ತಾಯಿತು.

ಈ ಸುಳ್ಳಿನಿಂದ ಅಕ್ಕ ಸೊರಗಿದಳು. ನಾನು ಮಾತ್ರ ಚೆನ್ನಾಗಿಯೇ ಇದ್ದೆ. ನನ್ನ ಗಂಡ ಡ್ಯಾನಿಯಲ್‌ನ ಮನೆಯವರು ನನ್ನನ್ನು ನೋಡಲು ಬಂದಾಗ ನಾನು ಏನು ಓದಿದ್ದೇನೆ ಎಂದು ಕೇಳಲಿಲ್ಲ, ‘ಆ ಕ್ಯಾಸೆಟ್ ಸ್ವಲ್ಪ ಹಾಕ್ತೀರಾ?’ ಎಂದು ಕೇಳಿದರು. ಟೀವಿಯಲ್ಲಿ ಬಂದವಳ ತಂಗಿ ಎಂದರೆ ಆಗ ಸಣ್ಣ ಮಾತಲ್ಲ. ನನಗೆ ಅದರಲ್ಲಿ ಪಾಪ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಆದದ್ದು ಇಷ್ಟು. ಅಕ್ಕ, ಬಾವ ಇಬ್ಬರೂ ಇಲ್ಲಿ ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದರು. ಊರಿಗೆ ಹೋಗಲು ಒಟ್ಟಿಗೆ ರಜೆ ಸಿಗದೆ ಮದುವೆ ಇಲ್ಲಿ ರೂವಿಯ ಚರ್ಚಿನಲ್ಲೇ ನಡೆಯಿತು. ಊರಿನಿಂದ ಒಬ್ಬರೂ ಬರಲಾಗಲಿಲ್ಲ. ಹಿರಿ ಮಗಳ ಮದುವೆ, ತಾಯಿಯೇ ಇಲ್ಲ. ಅಮ್ಮ ಆ ಅಕ್ಟೋಬರ್ ಇಡೀ ಊಟ ಬಿಟ್ಟು ಅತ್ತಳು, ನಾವು ಅವಳನ್ನು ಮಾತಾಡಿಸಲೂ ಹೆದರುತ್ತಿದ್ದೆವು. ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆ ಕ್ಯಾಸೆಟ್ ಬಂತು. ವಿಡಿಯೊ ಡೆಕ್ ಬಾಡಿಗೆಗೆ ತಂದೆವು. ವಾಡೆಯ ನೆರೆಹೊರೆಯವರೆಲ್ಲ ನಮ್ಮ ಚಾವಡಿಯಲ್ಲಿ ತುಂಬಿದರು. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಎದುರಿಗೇ ಕುಳಿತಳು.

ಚರ್ಚು ಮುಗಿಯಿತು, ಹಾಲ್ ಬಂತು. ಕೇಕು ಕತ್ತರಿಸುವ ಜಾಗಕ್ಕೆ ಬಂದದ್ದೇ ತಡ, ಪರದೆಯ ಮೇಲಿನ ಮೂಲೆಯಲ್ಲಿ ಬಂಗಾರದ ಬಣ್ಣದ ಒಂದು ಗುರುತು ಕಾಣಿಸಿಕೊಂಡಿತು. ಅರಬಿ ಅಕ್ಷರ, ಅದರ ಮೇಲೊಂದು ಕಮಾನು, ಅಡಿಯಲ್ಲಿ ಎರಡು ಸಣ್ಣ ಎಲೆ. ಕೇಕು ಕತ್ತರಿಸಿ, ಟೋಸ್ಟ್ ಎತ್ತಿ, ಎಲ್ಲರೂ ಕುಣಿಯಲು ಏಳುವವರೆಗೆ ಅದು ಅಲ್ಲೇ ಇತ್ತು. ಊಟದ ದೃಶ್ಯ ಬಂದ ಕೂಡಲೇ ಮಾಯವಾಯಿತು. ನಾವೆಲ್ಲ ಅದು ಅಲ್ಲಿನ ಹೊಸ ಬಗೆಯ ಅಲಂಕಾರವಿರಬೇಕು ಎಂದುಕೊಂಡೆವು. ಆದರೆ ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ನೆರೆಮನೆಯ ಮುಹಿಯುದ್ದೀನ್ ಬ್ಯಾರಿಗಳು ಎದ್ದು ನಿಂತುಬಿಟ್ಟರು.

“ಇದು ಅಲ್ಲಿನ ಸರಕಾರಿ ಟೀವಿಯ ಲೋಗೊ ಅಲ್ವಾ! ನಮ್ಮ ರೂಮಿನಲ್ಲಿ ದಿನಾ ಕಾಣ್ತದೆ. ಬಾಯಮ್ಮ, ನಿಮ್ಮ ಮಗಳ ಮದುವೆ ಟೀವಿಯಲ್ಲಿ ಬಂದಿದೆ!”

ಅಮ್ಮನ ಅಳು ಅಲ್ಲಿಗೆ ನಿಂತಿತು. ನಾನು ಕಣ್ಣಾರೆ ನೋಡಿದ್ದೇನೆ. ತಾನು ನೋಡದ ಮದುವೆಯನ್ನು ಒಂದು ದೇಶವೇ ನೋಡಿತು ಎಂಬುದು ಅವಳಿಗೆ ಎಂಥ ಸಮಾಧಾನ ಕೊಟ್ಟಿತೆಂದರೆ, ಆ ರಾತ್ರಿ ಅವಳು ಎರಡು ಸಲ ಊಟ ಬಡಿಸಿಕೊಂಡಳು. ಮರುದಿನ ಎಸ್‌ಟಿಡಿ ಬೂತಿಗೆ ಹೋಗಿ ಬಾವನ ಆಫೀಸಿಗೆ ಫೋನ್ ಹಚ್ಚಿ “ಟೀವಿಯಲ್ಲಿ ಬಂತಂತೆ, ಹೌದಾ?” ಎಂದಳು. ಬಾವನಿಗೆ ತಲೆಬುಡ ತಿಳಿಯಲಿಲ್ಲ. ಹೊಸ ಅಳಿಯ, ಅತ್ತೆಯ ಮೊದಲ ಫೋನು. “ಹ್ಞಾಂ... ಹೌದು” ಎಂದುಬಿಟ್ಟರು.

ಆಮೇಲೆ ಓಡಿದ್ದು ಸ್ಟ್ಯಾನಿಯ ಹತ್ತಿರ. ಸ್ಟ್ಯಾನಿ ಆಗ ವಾದಿ ಕಬೀರಿನ ಒಂದು ವಿಡಿಯೊ ಅಂಗಡಿಯಲ್ಲಿದ್ದ, ಬಾವನ ಜೀವದ ಗೆಳೆಯ. ಅವನು ತಲೆ ಕೆರೆದುಕೊಂಡು, “ಓ ಅದಾ? ಟೀವಿಯಿಂದ ರೆಕಾರ್ಡ್ ಮಾಡಿದ ಹಳೆ ಕ್ಯಾಸೆಟ್ ಒಂದು ಉಂಟಿತ್ತು ಮಾರಾಯ. ಅದರ ಮೇಲೆಯೇ ನಿಮ್ಮ ಮದುವೆ ಕಾಪಿ ಹೊಡೆದೆ. ಹಳೆ ಲೋಗೊ ಅಳಿಯದೆ ಉಳಿದಿರ್ಬೇಕು” ಎಂದ. ಬಾವ ನಂಬಿದರು. ಊರಿಗೆ ತಿಳಿಸೋಣ ಎನ್ನುವಷ್ಟರಲ್ಲಿ ಭಾನುವಾರದ ಪೂಜೆ ಮುಗಿದು ಅಮ್ಮ ಇಡೀ ಚರ್ಚಿನ ಅಂಗಳದಲ್ಲಿ ಅಭಿನಂದನೆ ಸ್ವೀಕರಿಸಿ ಆಗಿತ್ತು. ಇನ್ನು ಹೇಳುವ ಧೈರ್ಯ ಯಾರಿಗಿದೆ?

ಇಲ್ಲಿ ನಮ್ಮವರು ಯಾರೂ ಅದನ್ನು ಪರೀಕ್ಷಿಸಲೂ ಹೋಗಲಿಲ್ಲ, ಯಾಕೆಂದರೆ ಅರಬಿ ಕಾರ್ಯಕ್ರಮವನ್ನು ಯಾರು ನೋಡುತ್ತಾರೆ? ಎಲ್ಲರ ಮನೆಯಲ್ಲೂ ಹಿಂದಿ ಪಿಚ್ಚರಿನ ಕ್ಯಾಸೆಟ್ಟೇ ಓಡುತ್ತಿತ್ತು. ಬಾವನಿಗೆ ವೀಸಾ ಕೊಟ್ಟ ಅರಬಿ ಧಣಿ, ಕಫೀಲ್ ಒಬ್ಬ ಇದ್ದ, ತಮಾಷೆಯ ಮುದುಕ. ನವೆಂಬರ್ ಕೊನೆಗೆ ಮಂಡಿ ನೋವಿಗೆಂದು ಬೊಂಬಾಯಿಗೆ ಹೋಗಿದ್ದವನು ಜನವರಿಯಲ್ಲಿ ವಾಪಸ್ ಬಂದು, ಬಾವನ ಬೆನ್ನು ತಟ್ಟಿ, “ಕ್ಯಾಸ್ಮಿರ್! ಟೆಲಿಫಿಸ್ಯೂನ್!” ಎಂದು ಕೇಕು ಕತ್ತರಿಸುವಂತೆ ಕೈ ಆಡಿಸಿ ನಕ್ಕನಂತೆ. ಊರಿನ ಸುದ್ದಿ ಇವನವರೆಗೂ ಬಂತಲ್ಲ, ಗೇಲಿ ಮಾಡುತ್ತಿದ್ದಾನಲ್ಲ ಎಂದು ಬಾವ ನಾಚಿಕೆಯಿಂದ ಎಷ್ಟೋ ದಿನ ಅವನ ಕಣ್ಣು ತಪ್ಪಿಸಿ ಓಡಾಡಿದರು.

ಅಕ್ಕನದು ಬೇರೆ ಕತೆ. ಪ್ರತಿ ವರ್ಷ ಈಸ್ಟರಿಗೆ ಮುಂಚೆ ಕುಮ್ಸಾರಿಗೆ ಹೋಗಿ ಪಾದ್ರಿಗಳ ಮುಂದೆ ಈ ಪಾಪ ಹೇಳಿಕೊಳ್ಳುವಳು. ಪಾದ್ರಿಗಳು ಬದಲಾದರು, ಪಾಪ ಬದಲಾಗಲಿಲ್ಲ. ಒಬ್ಬ ಮಲಯಾಳಿ ಪಾದ್ರಿಗಳಂತೂ ನಗು ತಡೆಯಲಾರದೆ ಕೆಮ್ಮಿದರಂತೆ. ಪ್ರಾಯಶ್ಚಿತ್ತವೆಂದು ಅವಳು ಹೇಳಿದ ಜಪಸರ ನಮ್ಮ ಇಡೀ ಕುಟುಂಬದ ಪಾಪಕ್ಕೆ ಸಾಕು. ಯಾವಾಗ ಎಲ್ಲಿ ಆ ಕ್ಯಾಸೆಟ್ ಹಾಕಿದರೂ, ಕೇಕು ಬರುತ್ತದೆ ಎನ್ನುವಾಗ ಎದ್ದು ಅಡುಗೆಮನೆಗೆ ಹೋಗುವಳು. ಚಹಾ ಇಡುತ್ತೇನೆ ಎನ್ನುವಳು. ಆ ಲೋಗೊ ಕಂಡರೆ ಅವಳಿಗೆ ದೇವರೇ ಮೂಲೆಯಲ್ಲಿ ನಿಂತು ನೋಡಿದಂತೆ ಆಗುತ್ತಿತ್ತಂತೆ.

ಹೀಗೆ ಮೂವತ್ತು ಚಿಲ್ಲರೆ ವರ್ಷ ನಡೆಯಿತು. ಈಗ ಅಕ್ಕನ ಮಗಳು ಜೆಸ್ಸಿಕಾಳ ಮದುವೆ.

ಹುಡುಗ ರಿಯಾನ್, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಂಗಳೂರಿನವನೇ. ಈ ಸಲ ಅಮ್ಮ ಪಟ್ಟು ಹಿಡಿದು ವಿಸಿಟ್ ವೀಸಾದಲ್ಲಿ ಬಂದಳು. ಮಗಳ ಮದುವೆ ತಪ್ಪಿತು, ಮೊಮ್ಮಗಳದ್ದು ತಪ್ಪಿಸಿಕೊಳ್ಳುವುದಿಲ್ಲ ಎಂದಳು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ರಾಣಿಯ ಹಾಗೆ ಹೊರಗೆ ಬಂದು, ನಮ್ಮನ್ನೆಲ್ಲ ಮುದ್ದಿಸುವುದಕ್ಕೂ ಮೊದಲು, “ಆ ಟೀವಿ ಆಫೀಸು ಯಾವ ಬದಿಯಲ್ಲಿ ಬರ್ತದೆ?” ಎಂದು ಕೇಳಿದಳು. ಅಕ್ಕನ ಮುಖ ಬಿಳಿಚಿತು. ಕಾರಿನಲ್ಲಿ ಎರಡನೇ ಆಜ್ಞೆ ಬಂತು. ಮದುವೆಯ ಮುಂಚಿನ ದಿನ, ಜೆಸ್ಸಿಕಾಳ ರೋಸ್ ಶಾಸ್ತ್ರದ ಸಂಜೆ, ತೆಂಗಿನ ಹಾಲು ಹಚ್ಚಿ ವೊವಿಯೊ ಸೋಬಾನೆ ಹಾಡಿದ ಮೇಲೆ, ಎಲ್ಲರ ಮುಂದೆ ಆ ಕ್ಯಾಸೆಟ್ ಹಾಕಬೇಕು. ಹುಡುಗನ ಕಡೆಯವರು ನೋಡಲಿ, ತಾವು ಎಂಥ ಮನೆಯಿಂದ ಹೆಣ್ಣು ತರುತ್ತಿದ್ದೇವೆ ಎಂದು.

ಮನೆಗೆ ಬಂದು ಅಮ್ಮನನ್ನು ಮಲಗಿಸಿದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

“ಬೀಟ್ರಿಸ್, ನಾನು ಅಮ್ಮನಿಗೆ ಹೇಳಿಬಿಡ್ತೇನೆ. ರೋಸ್‌ಗೆ ಮುಂಚೆ.”

“ಎಂತ ಹೇಳ್ತಿ?”

“ಎಲ್ಲ ಸುಳ್ಳು ಅಂತ. ಹೊಸ ಸಂಬಂಧದವರ ಮುಂದೆ, ನನ್ನ ಮಗಳ ರೋಸ್‌ನಲ್ಲಿ, ನನ್ನಿಂದ ಆ ಸುಳ್ಳು ತೋರಿಸ್ಲಿಕ್ಕೆ ಆಗುದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ನನಗೆ ಬೇಗ ಬರುತ್ತದೆ, ಅದೇನು ಗುಟ್ಟಲ್ಲ. “ನಿನಗೆ ಮಂಡೆ ಸಮ ಉಂಟಾ? ಅವಳಿಗೆ ಎಂಬತ್ತೆಂಟು. ನಿನ್ನ ಮದುವೆಗೆ ಬರ್ಲಿಕ್ಕೆ ಆಗ್ಲಿಲ್ಲ ಅಂತ ಅವಳು ಅತ್ತದ್ದು ನಾನು ನೋಡಿದ್ದು, ನೀನಲ್ಲ. ಆ ಒಂದು ಲೋಗೊ ಹಿಡ್ಕೊಂಡು ಅವಳು ಸಮಾಧಾನ ಮಾಡಿಕೊಂಡಿದ್ದಾಳೆ. ಅದನ್ನೂ ಕಿತ್ತುಕೊಳ್ತೀಯಾ? ನಿನ್ನ ಮನಸ್ಸು ಹಗುರ ಆಗ್ಲಿಕ್ಕೆ?”

ಅಕ್ಕ ಅತ್ತಳು. ಆದರೆ ಮಣಿಯಲಿಲ್ಲ. ಶುಕ್ರವಾರ ಇಲ್ಲಿ ರಜೆ, ಪೂಜೆಗೆ ಹೋಗಿ ಬಂದು, ಊಟವಾದ ಮೇಲೆ ಅಮ್ಮನಿಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡಳು. ಎರಡು ದಿನ ನಾವು ಮಾತಾಡಲಿಲ್ಲ, ಅವಳು ಕೊಟ್ಟ ಕುಕ್ಕೀಸಿನ ಡಬ್ಬಿಯನ್ನೂ ನಾನು ಮುಟ್ಟಲಿಲ್ಲ. ನನಗೆ ಹೆದರಿಕೆಯಿದ್ದದ್ದು ಒಂದೇ. ಅಮ್ಮ ಇದನ್ನು ಕೇಳಿ ಪರದೇಶದಲ್ಲಿ, ಮೊಮ್ಮಗಳ ಮದುವೆಯ ಮನೆಯಲ್ಲಿ, ಮತ್ತೆ ಹಿಂದಿನ ಹಾಗೆ ಊಟ ಬಿಟ್ಟರೆ?

ಶುಕ್ರವಾರ ಬಂತು. ಸನ್ನಾ, ಕೋಳಿ ಬಾಫತ್ ಹೊಡೆದು ಅಮ್ಮ ಒಳಗೆ ನಿದ್ದೆಗೆ ಜಾರಿದಳು. ಅಕ್ಕ ಅವಳು ಏಳುವುದನ್ನೇ ಕಾಯುತ್ತ ಬಟ್ಟೆ ಮಡಚುತ್ತಿದ್ದಳು. ಅಷ್ಟರಲ್ಲಿ ರಿಯಾನ್ ಎಲ್ಲಿಂದಲೋ ಒಂದು ಹಳೆ ವಿಸಿಆರ್ ಹೊತ್ತುಕೊಂಡು ಬಂದ, ಹಿಂದೆಯೇ ಜೆಸ್ಸಿಕಾ. ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿಗೆ ಇಳಿಸಿ ರೋಸ್‌ಗೆ ಸಿದ್ಧ ಮಾಡಲು ಅಮ್ಮನೇ ಅವನಿಗೆ ಹೇಳಿದ್ದಳಂತೆ.

ಈ ರಿಯಾನಿನ ಕೆಲಸವೇ ಅದು. ಹಳೆಯ ಸರಕಾರಿ ಟೀವಿಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಒಂದು ಕಂಪನಿಯಲ್ಲಿದ್ದಾನೆ. ಆ ಹಳೆ ಸಂಸ್ಥೆ ಈಗ ಇಲ್ಲ. ಹೆಸರು ಬದಲಾಯಿತು, ಲೋಗೊ ಬದಲಾಯಿತು. ಬೇರೆಯವರು ಅಂಚೆಚೀಟಿ ಕೂಡಿಡುತ್ತಾರೆ, ನಮ್ಮ ಅಳಿಯ ಟೀವಿಯ ಮೂಲೆಯಲ್ಲಿ ಯಾರೂ ನೋಡದೆ ಬಿಟ್ಟದ್ದನ್ನು ಕೂಡಿಡುತ್ತಾನೆ. ಮೊದಲ ಲೋಗೊ ದಪ್ಪ, ಆಮೇಲಿನದು ತೆಳು, ರಂಜಾನಿಗೆ ಪಕ್ಕದಲ್ಲಿ ಚಂದ್ರ, ಕೊನೆಯದು ಗಾಜಿನ ಹಾಗೆ ಹಿಂದಿನದೆಲ್ಲ ಕಾಣುವಂಥದ್ದು. ಹೆಣ್ಣು ನೋಡಲು ಬಂದ ದಿನವೂ ಇದನ್ನೇ ತೋರಿಸಿದ್ದ. ಜೆಸ್ಸಿಕಾ ಹೇಗೆ ಒಪ್ಪಿದಳೋ ನನಗೆ ಇನ್ನೂ ಆಶ್ಚರ್ಯ.

ಕ್ಯಾಸೆಟ್ ಓಡತೊಡಗಿತು. ಚರ್ಚು, ಹೂವು, ದೊಡ್ಡ ದೊಡ್ಡ ತೋಳಿನ ಗೌನಿನಲ್ಲಿ ಅಕ್ಕ. ಕೇಕು ಬರುತ್ತದೆ ಎನ್ನುವಾಗ ಅಕ್ಕ ಎಂದಿನಂತೆ ಎದ್ದಳು. “ಚಹಾ ಇಡ್ತೇನೆ.”

ಅವಳು ಬಾಗಿಲು ದಾಟುವುದಕ್ಕೂ ರಿಯಾನ್ ಕಿರುಚುವುದಕ್ಕೂ ಸರಿಹೋಯಿತು.

“ಎರಡು ಎಲೆ! ಜೆಸ್, ಲುಕ್! ಎರಡು ಎಲೆ!”

“ಪ್ಲೀಸ್ ರಿಯಾನ್, ನಾಟ್ ದ ಲೋಗೋಸ್ ಅಗೇನ್” ಎಂದಳು ಜೆಸ್ಸಿಕಾ.

ಬಾವ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. ಒಳಗೆ ಅಮ್ಮ ಮಲಗಿದ್ದಾಳೆಂದು ದನಿ ತಗ್ಗಿಸಿ, “ನೋಡು ಮಗಾ, ನೀನು ಮನೆಯವನು, ನಿನಗೆ ಗೊತ್ತಿರ್ಲಿ. ಇದು ನಿಜವಾಗಿ ಟೀವಿಯಲ್ಲಿ ಬಂದದ್ದಲ್ಲ. ಹಳೆ ಕ್ಯಾಸೆಟ್ಟಿನ ಮೇಲೆ ಕಾಪಿ ಹೊಡೆದದ್ದು. ಹಳೆ ಲೋಗೊ ಅಳಿಯದೆ ಉಳಿದಿದೆ” ಎಂದರು.

ರಿಯಾನ್ ಬಾವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾವು ಅವನನ್ನು ಮಂಗ ಮಾಡುತ್ತಿದ್ದೇವೆ ಎಂದುಕೊಂಡಿರಬೇಕು.

“ಅಂಕಲ್, ಅದು ಹೇಗೆ ಆಗ್ತದೆ? ಮೇಲೆ ಇನ್ನೊಂದು ರೆಕಾರ್ಡ್ ಮಾಡಿದ್ರೆ ಹಳೇದೆಲ್ಲ ಅಳಿದುಹೋಗ್ತದೆ. ಬರೀ ಮೂಲೆಯ ಲೋಗೊ ಮಾತ್ರ ಉಳಿಯುದುಂಟಾ? ಮತ್ತೆ ಈ ಎಲೆ ನೋಡಿ. ಇಪ್ಪತ್ತನೇ ರಾಷ್ಟ್ರೀಯ ದಿನ ಅಂತ ತೊಂಬತ್ತರ ಆ ಒಂದು ನವೆಂಬರಿನಲ್ಲಿ ಮಾತ್ರ ಹಾಕಿದ್ದು ಇದು. ಅದಕ್ಕೆ ಮುಂಚೆ ಇಲ್ಲ, ಆಮೇಲೆಯೂ ಇಲ್ಲ. ನಿಮ್ಮ ಮದುವೆ ಯಾವಾಗ?”

“ಅದೇ ವರ್ಷದ ಅಕ್ಟೋಬರ್” ಎಂದೆ ನಾನು.

“ಅಂದ್ರೆ ಮದುವೆ ಆಗುವಾಗ ಈ ಲೋಗೊ ಹುಟ್ಟಿಯೇ ಇರ್ಲಿಲ್ಲ, ಆಂಟಿ. ಹಳೆ ಕ್ಯಾಸೆಟ್ಟಿನಲ್ಲಿ ಎಲ್ಲಿಂದ ಬರ್ತದೆ? ಇದು ಟೀವಿಯಿಂದಲೇ ರೆಕಾರ್ಡ್ ಮಾಡಿದ್ದು. ನಿಮ್ಮ ಕೇಕು ಟೀವಿಯಲ್ಲಿ ಬಂದಿದೆ!”

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಚಹಾಪುಡಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಬಾವ ನಿಧಾನವಾಗಿ ಮೊಬೈಲ್ ಎತ್ತಿದರು. ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಸ್ಟ್ಯಾನಿ, ಮೇಲೆ ಬಾ.”

ಸ್ಟ್ಯಾನಿ ಈಗ ನಮ್ಮ ಕಟ್ಟಡದ ಕೆಳಗೇ ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟುಡಿಯೊ ಇಟ್ಟಿದ್ದಾನೆ. ಜೆಸ್ಸಿಕಾಳಿಗೆ ಜ್ಞಾನಸ್ನಾನದ ಧರ್ಮತಂದೆಯೂ ಅವನೇ. ನಗುತ್ತ ಬಂದವನು ಪರದೆಯ ಮೇಲೆ ನಿಲ್ಲಿಸಿಟ್ಟ ಚಿತ್ರದಲ್ಲಿ ಕೇಕನ್ನೂ ಲೋಗೊವನ್ನೂ ನಮ್ಮೆಲ್ಲರ ಮುಖವನ್ನೂ ನೋಡಿ ಸೋಫಾದಲ್ಲಿ ಕುಸಿದ.

“ಗೊತ್ತಾಯ್ತಾ?” ಎಂದ.

“ಬೊಗಳು” ಎಂದರು ಬಾವ.

ಬೊಗಳಿದ. ಆ ನವೆಂಬರಿನಲ್ಲಿ ಟೀವಿಯ ಒಬ್ಬ ಮನುಷ್ಯ ಅಂಗಡಿಗೆ ಬಂದಿದ್ದನಂತೆ. ರಾಷ್ಟ್ರೀಯ ದಿನಕ್ಕೆ ಒಂದು ಕಾರ್ಯಕ್ರಮ, ಈ ನಾಡಿನಲ್ಲಿ ಯಾರ‍್ಯಾರು ಬದುಕುತ್ತಾರೆ, ಹೇಗೆ ಸಂಭ್ರಮ ಪಡುತ್ತಾರೆ ಎಂದು. ಒಂದು ಒಳ್ಳೆ ಮದುವೆ ಇದ್ದರೆ ಕೊಡಿ ಎಂದನಂತೆ. ಸ್ಟ್ಯಾನಿಯ ಹತ್ತಿರ ಇದ್ದ ಮದುವೆಗಳಲ್ಲಿ ಅತಿ ಚಂದದ್ದು ನಮ್ಮ ಅಕ್ಕನದು. ಯಾರನ್ನೂ ಕೇಳದೆ ಕೊಟ್ಟುಬಿಟ್ಟ. ಅವರು ನೀಟಾಗಿ ವಾಪಸ್ ತಂದುಕೊಟ್ಟರು. ಮಧ್ಯಾಹ್ನ ಕಾರ್ಯಕ್ರಮ ಬಂದಾಗ ಸ್ಟ್ಯಾನಿ ಹೆಮ್ಮೆಯಿಂದ ರೆಕಾರ್ಡೂ ಮಾಡಿಕೊಂಡ. ಆದರೆ ಊರಿಗೆ ಕಾಪಿ ತೆಗೆಯುವಾಗ ಅಂಗಡಿಯ ದರಿದ್ರ ಮೆಶಿನ್ ಸರಿಯಾಗಿ ಕೇಕಿನ ಜಾಗದಲ್ಲೇ ಮೂಲ ಟೇಪನ್ನು ಅಗಿದು ಹಾಕಿತು. ಬೇರೆ ದಾರಿಯಿಲ್ಲದೆ, ಟೀವಿಯಿಂದ ತಾನು ಹಿಡಿದದ್ದನ್ನೇ ಅಲ್ಲಿ ಸೇರಿಸಿದ.

“ನೀನು ಬಂದು ಕೇಳಿದಾಗ ಹೇಳುದೇ ಅಂತ ಇದ್ದೆ. ಆದ್ರೆ ಮಾರಾಯ, ಮದುಮಗಳ ಕ್ಯಾಸೆಟ್ಟನ್ನು ಕೇಳದೆ ಪರರಿಗೆ ಕೊಟ್ಟೆ ಅಂತ ಗೊತ್ತಾದ್ರೆ ಆಗ ನೀನು ನನ್ನ ಕೈಕಾಲು ಬಿಡ್ತಿದ್ಯಾ? ಅದಕ್ಕೇ ಬಾಯಿಗೆ ಬಂದದ್ದು ಹೇಳಿದೆ.”

“ಆಮೇಲೆ? ಇಷ್ಟು ವರ್ಷ?”

“ಆಮೇಲೆ ಎಂತಕ್ಕೆ ಹೇಳುದು? ಹೇಗೂ ಊರಲ್ಲಿ ನಿಜವೇ ಓಡ್ತಾ ಇತ್ತಲ್ಲ!”

ಬಾವ ಕೈ ಎತ್ತಿದರು. ಹೊಡೆಯುತ್ತಾರೆಂದೇ ನಾನು ಅಂದುಕೊಂಡೆ. ಆ ಕೈ ಅರ್ಧದಲ್ಲಿ ನಿಂತು ಅವರ ಹಣೆಗೆ ಹೋಯಿತು. “ಅಯ್ಯೋ ದೇವರೇ, ಕಫೀಲ್!” ಎಂದರು. “ಮುದುಕ ನಿಜವಾಗಿ ನೋಡಿದ್ದ! ಪಾಪ, ಖುಷಿಯಿಂದ ಹೇಳ್ಲಿಕ್ಕೆ ಬಂದದ್ದು. ನಾನು ಅವನ ಮುಖ ನೋಡದೆ ಓಡಾಡಿದೆ!” ಎಂದು ನಗತೊಡಗಿದವರು ನಿಲ್ಲಿಸಲೇ ಇಲ್ಲ.

ಅಕ್ಕ ಬಂದಳು. ಚಹಾಪುಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮಡಚಿದ್ದ ಟವೆಲ್ಲುಗಳಲ್ಲಿ ದಪ್ಪದ್ದೊಂದನ್ನು ಆರಿಸಿಕೊಂಡಳು, ಸ್ಟ್ಯಾನಿಯ ತಲೆ, ಬೆನ್ನು ಎನ್ನದೆ ಬಾರಿಸಿದಳು. “ನನ್ನ ಕುಮ್ಸಾರ್ ವಾಪಸ್ ಕೊಡು! ನನ್ನ ಜಪಸರ ಎಲ್ಲ ವಾಪಸ್ ಕೊಡು! ಆ ಮಲಯಾಳಿ ಫಾದರ್ ನಕ್ಕದ್ದು ವಾಪಸ್ ಕೊಡು!” ಹೊಡೆಯುತ್ತ ಹೊಡೆಯುತ್ತ ಅವಳಿಗೇ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಕೊನೆಗೆ ನೆಲದ ಮೇಲೆ ಕುಳಿತು ನನ್ನ ಮೊಣಕಾಲಿಗೆ ತಲೆಯಿಟ್ಟಳು. ನಮ್ಮ ಜಗಳ ಅಲ್ಲಿಗೆ ಖಲಾಸ್. ನನಗೂ ಕಣ್ಣು ತುಂಬಿತು, ಸಂತೋಷಕ್ಕೆ. ನನ್ನ ಅಕ್ಕ ಒಂದು ದಿನವೂ ಸುಳ್ಳು ಹೇಳಿದವಳಲ್ಲ.

ರೋಸ್ ಸಂಜೆ ಹಾಲ್ ತುಂಬಿತ್ತು. ಜೆಸ್ಸಿಕಾಳ ತಲೆಯಿಂದ ತೆಂಗಿನ ಹಾಲು ಇಳಿಯುತ್ತಿತ್ತು, ಅವಳು ಅದನ್ನು ನೆಕ್ಕುತ್ತ ನಗುತ್ತಿದ್ದಳು. ವೊವಿಯೊ ಹಾಡಿ ಹೆಂಗಸರ ಗಂಟಲು ಕಟ್ಟಿತ್ತು. ಅಮ್ಮ ಮುಂದಿನ ಸಾಲಿನಲ್ಲಿ ಬೀಗತಿ, ರಿಯಾನಿನ ತಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲಿ ನೋಡಬೇಕು ಎಂದು ಮೊದಲೇ ಪಾಠ ಮಾಡುತ್ತಿದ್ದಳು. “ಮೇಲಿನ ಮೂಲೆ. ಕಣ್ಣು ಅಲ್ಲಿಯೇ ಇಡಿ.”

ಅಮ್ಮನಿಗೆ ನಾವು ಇನ್ನೂ ಏನೂ ಹೇಳಿರಲಿಲ್ಲ. ಬಾವನಿಗೆ ಅದನ್ನು ಎಲ್ಲರ ಮುಂದೆ ಹೇಳಬೇಕೆಂದು ಆಸೆ. ರಿಯಾನ್ ಪರದೆಯ ಮೇಲೆ ಕ್ಯಾಸೆಟ್ ಹಾಕಿದ. ಕೇಕು ಬಂತು, ಮೂಲೆಯಲ್ಲಿ ಬಂಗಾರದ ಲೋಗೊ ಬಂತು. ಅಕ್ಕ ಎದ್ದಳು, ಅಭ್ಯಾಸಬಲ. ನಾನು ಸೀರೆಯ ಸೆರಗು ಹಿಡಿದು ಕೂರಿಸಿದೆ. ಅವಳು ಮೊದಲ ಸಲ ತನ್ನ ಕೇಕನ್ನು ನೋಡಿದಳು. ಪರದೆಯಲ್ಲಿ ಆಲ್ಬಿನಾ ಚಾಕು ಒತ್ತುತ್ತಿದ್ದಳು. ಅವಳ ಹಿಂದೆ ನಿಂತ ಮದುಮಗ ಯಾರಿಗೂ ಕಾಣದ ಹಾಗೆ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡ.

“ನೀವು ಅತ್ತದ್ದಾ?” ಎಂದಳು ಅಕ್ಕ.

“ಕ್ರೀಮ್ ಕಣ್ಣಿಗೆ ಹೋಗಿತ್ತು” ಎಂದರು ಬಾವ.

“ಇನ್ನೂ ಕತ್ತರಿಸ್ಲೇ ಇಲ್ಲ ಕೇಕು!”

ಬಾವ ತಪ್ಪಿಸಿಕೊಂಡು ಹೋಗಿ ಮೈಕ್ ಹಿಡಿದರು. ರಿಯಾನ್ ಚಿತ್ರ ನಿಲ್ಲಿಸಿದ. “ಬಂಧುಗಳೇ, ನಿಮ್ಮೆಲ್ಲರ ಮುಂದೆ ಒಂದು ದೊಡ್ಡ ವಿಷಯ ಹೇಳ್ಲಿಕ್ಕುಂಟು. ಇಷ್ಟು ವರ್ಷ ಆದ ಮೇಲೆ, ಈ ಲೋಗೊ ನೋಡಿ ನಮ್ಮ ಅಳಿಯ ಕಂಡುಹಿಡಿದದ್ದು. ನಮ್ಮ ಮದುವೆ ನಿಜವಾಗಿಯೂ, ಸತ್ಯವಾಗಿಯೂ, ಟೀವಿಯಲ್ಲಿ ಬಂದಿತ್ತು!”

ಹಾಲ್ ಚಪ್ಪಾಳೆಯಿಂದ ಅದುರಿತು. ಸ್ಟ್ಯಾನಿ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದ. ಅಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬೀಗತಿಯ ಕಡೆ ವಾಲಿ, ಇಡೀ ಹಾಲಿಗೆ ಕೇಳುವ ಹಾಗೆ, “ಇದಕ್ಕೆ ಇವನಿಗೆ ಮೈಕ್ ಬೇಕಾಯ್ತಾ? ನಾನು ಆವತ್ತಿನಿಂದ ಬಾಯಲ್ಲೇ ಹೇಳ್ತಾ ಇದ್ದೇನಲ್ಲ” ಎಂದಳು.

ನಗು ಇಳಿಯುವವರೆಗೆ ಅಮ್ಮ ಕಾದಳು. ಆಮೇಲೆ ತಿರುಗಿ, ನನ್ನ ಪಕ್ಕದಲ್ಲಿ ಕುಳಿತಿದ್ದ ಅಕ್ಕನನ್ನು ಒಂದು ಗಳಿಗೆ ನೋಡಿ, ರಿಯಾನಿಗೆ ಕೈ ಬೀಸಿದಳು.

“ಮಗಾ, ಹಿಂದೆ ತಕ್ಕೊಂಡು ಹೋಗಿ ಚರ್ಚಿನಿಂದ ಹಾಕು. ಕೇಕು ಬಂದಾಗಲೆಲ್ಲ ಇವಳು ಅಡುಗೆಮನೆಗೆ ಓಡಿಹೋಗ್ತಿದ್ದಳು. ಊರಿಗೆ ಬಂದಾಗಲೂ ಹಾಗೆಯೇ. ನಾಚಿಕೆ ಅಂತ ನಾನು ಸುಮ್ಮನಿದ್ದೆ. ಇವಳ ಮದುವೆಯನ್ನು ಇಡೀ ದೇಶ ನೋಡಿದೆ, ಇವಳೊಬ್ಬಳು ನೋಡಿಲ್ಲ” ಎಂದು ಪಕ್ಕದ ಕುರ್ಚಿಯನ್ನು ತಟ್ಟಿದಳು. “ಬಾ ಆಲ್ಬಿನಾ, ಇಲ್ಲಿ ಕೂತುಕೋ. ಆವತ್ತು ನಾನಿರಲಿಲ್ಲ. ಇವತ್ತು ಇಬ್ಬರೂ ಒಟ್ಟಿಗೆ ನೋಡುವ.”